ಅಮ್ಮನ ಹಂಡೆ ಒಲೆ ಮತ್ತು ಹಾಲಿನ ಕವರಿನ ಕೆಮಿಸ್ಟ್ರಿ

ಕಳೆದ ಮಳೆಗಾಲದಲ್ಲಿ ವರ್ಕ್ ಫ್ರಂ ಹೋಮ್ ಹಾಕಿಸಿಕೊಂಡು ಹದಿನೈದು ದಿನ ಊರಲ್ಲಿದ್ದೆ. ನಮ್ಮೂರು ಸಕಲೇಶಪುರದ ಕಡೆ. ಜೂನ್‌ನಿಂದ ಶುರುವಾದರೆ ಬಟ್ಟೆ ಒಣಗಲ್ಲ, ಸೌದೆ ಒಣಗಲ್ಲ, ಮನಸ್ಸೂ ಅಷ್ಟೇ. ಒಂದು ಬೆಳಿಗ್ಗೆ ಜಗಲಿಯಲ್ಲಿ ಲ್ಯಾಪ್‌ಟಾಪ್ ಇಟ್ಕೊಂಡು ಮೀಟಿಂಗ್‌ನಲ್ಲಿದ್ದಾಗ ಹಿಂದಿನಿಂದ ಒಂದು ವಾಸನೆ ಬಂತು. ಮೇಣದಬತ್ತಿ ಆರಿಸಿದಾಗ ಬರುತ್ತಲ್ಲ, ಹಾಗೆ. ಅದರ ಹಿಂದೆಯೇ ಗಂಟಲು ಕೆರೆಯುವ ಇನ್ನೊಂದು ಘಾಟು. ಅದರ ಹಿಂದೆ ಅಪ್ಪನ ಕೆಮ್ಮು.

ಬಚ್ಚಲುಮನೆಗೆ ಹೋಗಿ ನೋಡಿದರೆ ಅಮ್ಮ ಹಂಡೆ ಒಲೆ ಮುಂದೆ ಕೂತು ಹಾಲಿನ ಕವರು, ಬಿಸ್ಕತ್ ಪ್ಯಾಕೆಟ್ಟು, ಯಾವುದೋ ಕೊರಿಯರ್ ಚೀಲ ಒಂದೊಂದಾಗಿ ಒಲೆಗೆ ತುರುಕುತ್ತಿದ್ದಳು. ಮೇಲೆ ನಾಲ್ಕು ಹಸಿ ಸೌದೆ.

"ಅಮ್ಮಾ, ಪ್ಲಾಸ್ಟಿಕ್ ಸುಡಬೇಡ ಅಂತ ಎಷ್ಟು ಸಲ ಹೇಳೋದು?"

"ಸೌದೆ ಹತ್ತಬೇಡ್ವೇನೇ? ಸೀಮೆಎಣ್ಣೆ ನೋಡಿ ಎಷ್ಟು ವರ್ಷ ಆಯ್ತು! ಒಂದು ಕವರ್ ಹಾಕಿದ್ರೆ ಸೀಮೆಎಣ್ಣೆ ಸುರಿದಷ್ಟೇ ಚೆನ್ನಾಗಿ ಹತ್ತುತ್ತೆ. ನಿನಗೇನು ಗೊತ್ತು, ಅಲ್ಲಿ ಸ್ವಿಚ್ ಹಾಕಿದ್ರೆ ಬಿಸಿನೀರು."

ಅವತ್ತು ಸಣ್ಣ ಜಗಳವೇ ಆಯಿತು. ಅಪ್ಪನಿಗೆ ಎರಡು ವರ್ಷದಿಂದ ಉಬ್ಬಸ. ಮನೆಯೊಳಗಿನ ಹೊಗೆಯಿಂದ ದೂರ ಇರಿ ಅಂತ ಡಾಕ್ಟರು ಹೇಳಿಯೇ ಇದ್ದರು. ಅಪ್ಪ ಬೀಡಿ ಸಿಗರೇಟು ಮುಟ್ಟಿದವರಲ್ಲ, ಹಾಗಾಗಿ 'ಹೊಗೆ' ಅಂದರೆ ಬೇರೆಯವರ ಮನೆ ವಿಷಯ ಅಂದ್ಕೊಂಡಿದ್ದೆವು. ನಾನು "ವಿಷ", "ಕ್ಯಾನ್ಸರ್" ಅಂತೆಲ್ಲ ದೊಡ್ಡ ದೊಡ್ಡ ಮಾತಾಡಿದೆ. ಅಮ್ಮ ಒಂದೇ ಪ್ರಶ್ನೆ ಕೇಳಿದಳು. "ಹಾಲಿನ ಕವರಲ್ಲಿ ವಿಷ ಇದ್ರೆ ಅದರಲ್ಲಿ ಹಾಲು ಯಾಕೆ ತುಂಬ್ತಾರೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಎಂಜಿನಿಯರಿಂಗ್ ಮೊದಲ ವರ್ಷ ಎಲ್ಲರಂತೆ ನಾನೂ 'ಕೆಮಿಸ್ಟ್ರಿ ಸೈಕಲ್' ಮುಗಿಸಿದವಳೇ. ಪಾಲಿಮರ್, ಇಂಧನ, ಕ್ಯಾಲೊರಿ ಮೌಲ್ಯ ಎಲ್ಲ ಬರೆದು ಪಾಸಾಗಿದ್ದೆ. ಪರೀಕ್ಷೆ ಮುಗಿದ ದಿನವೇ ಅದನ್ನೆಲ್ಲ ಅಲ್ಲೇ ಬಿಟ್ಟು ಬಂದಿದ್ದೆ.

ಹತ್ತನೇ ಕ್ಲಾಸಿನ ಪುಸ್ತಕ

ಉತ್ತರ ಸಿಕ್ಕಿದ್ದು ಅಕ್ಕನ ಮಗಳ ಪುಸ್ತಕದಲ್ಲಿ. ಪುಟ್ಟಿ ಈ ವರ್ಷ ಹತ್ತನೇ ಕ್ಲಾಸು, ಕನ್ನಡ ಮೀಡಿಯಂ. ವಿಜ್ಞಾನದಲ್ಲಿ 'ಕಾರ್ಬನ್ ಮತ್ತು ಅದರ ಸಂಯುಕ್ತಗಳು' ಅಂತ ಒಂದು ಪಾಠ ಇದೆ. "ಚಿಕ್ಕೀ, ಇದೊಂದು ತಲೆಗೆ ಹತ್ತಲ್ಲ, ಹೇಳ್ಕೊಡಿ" ಅಂತ ಅದೇ ಸಂಜೆ ಬಂದು ಕೂತಳು. ಹೇಳಿಕೊಡಬೇಕಾದರೆ ನಾನು ಮೊದಲು ಓದಬೇಕಲ್ಲ. ಇಬ್ಬರೂ ಅಡುಗೆಮನೆಯ ಕಟ್ಟೆ ಮೇಲೆ ಪುಸ್ತಕ ಬಿಚ್ಚಿಕೊಂಡು ಕೂತೆವು. ಅಮ್ಮ ಸಾರಿಗೆ ಒಗ್ಗರಣೆ ಹಾಕ್ತಾ ಕಿವಿ ಇತ್ತಲೇ ಇಟ್ಟಿದ್ದಳು.

ಕಾರ್ಬನ್ ಪರಮಾಣುವಿಗೆ ನಾಲ್ಕು ಕೈ ಅಂದ್ಕೊಳ್ಳಿ. ಹೈಡ್ರೋಜನ್‌ಗೆ ಒಂದೇ ಕೈ. ಈ ಎರಡೇ ಸೇರಿ ಆದ ವಸ್ತುಗಳೆಲ್ಲ ಹೈಡ್ರೋಕಾರ್ಬನ್‌ಗಳು. ಒಂದು ಕಾರ್ಬನ್ ತನ್ನ ನಾಲ್ಕೂ ಕೈಗೆ ನಾಲ್ಕು ಹೈಡ್ರೋಜನ್ ಹಿಡಿದುಕೊಂಡರೆ ಮೀಥೇನ್. ನಮ್ಮ ಪಕ್ಕದ ತೋಟದವರ ಗೋಬರ್ ಗ್ಯಾಸ್‌ನಲ್ಲಿ ಉರಿಯೋದು ಇದೇ. ಬೆಂಗಳೂರಿನ ಮನೆಗಳಿಗೆ ಪೈಪಿನಲ್ಲಿ ಬರುವ ಗ್ಯಾಸಿನಲ್ಲೂ ಹೆಚ್ಚಿನ ಪಾಲು ಇದೇ.

ಕಾರ್ಬನ್‌ನ ಗುಣ ಏನಂದರೆ ಅದು ಇನ್ನೊಂದು ಕಾರ್ಬನ್ ಕೈಯನ್ನೂ ಗಟ್ಟಿಯಾಗಿ ಹಿಡಿಯುತ್ತೆ. ಹಾಗೆ ಹಿಡಿದು ಹಿಡಿದು ಸರಪಳಿ ಬೆಳೆಯುತ್ತೆ. ಎರಡು ಕಾರ್ಬನ್ ಇದ್ದರೆ ಈಥೇನ್, ಮೂರಿದ್ದರೆ ಪ್ರೊಪೇನ್, ನಾಲ್ಕಿದ್ದರೆ ಬ್ಯೂಟೇನ್. ಸರಪಳಿ ಉದ್ದವಾದಷ್ಟೂ ಅಣುಗಳು ಒಂದಕ್ಕೊಂದು ಹೆಚ್ಚು ಅಂಟಿಕೊಳ್ಳುತ್ತವೆ, ಕುದಿಯೋಕೆ ಹೆಚ್ಚು ಬಿಸಿ ಬೇಕಾಗುತ್ತೆ. ಮೀಥೇನ್ ಸೊನ್ನೆಗಿಂತ 162 ಡಿಗ್ರಿ ಕೆಳಗೇ ಕುದ್ದು ಅನಿಲವಾಗುತ್ತೆ. ಪ್ರೊಪೇನ್ ಸೊನ್ನೆಗಿಂತ 42 ಡಿಗ್ರಿ ಕೆಳಗೆ. ಬ್ಯೂಟೇನ್ ಹೆಚ್ಚುಕಮ್ಮಿ ಸೊನ್ನೆಯಲ್ಲಿ. ಎಂಟು ಕಾರ್ಬನ್ನಿನ ಆಕ್ಟೇನ್‌ಗೆ 125 ಡಿಗ್ರಿ ಬೇಕು.

ಇದನ್ನೇ ಏಣಿ ತರಹ ಜೋಡಿಸಿ ನೋಡಿ. ಒಂದರಿಂದ ನಾಲ್ಕು ಕಾರ್ಬನ್ ಇರೋದು ಗ್ಯಾಸು. ಐದರಿಂದ ಹತ್ತು ಹನ್ನೆರಡರವರೆಗೆ ಪೆಟ್ರೋಲು. ಅದರ ಮೇಲೆ ಸೀಮೆಎಣ್ಣೆ, ಆಮೇಲೆ ಡೀಸೆಲ್. ಇಪ್ಪತ್ತು ಮೂವತ್ತು ದಾಟಿದರೆ ದೇವರ ಮನೆ ಪಕ್ಕದ ಡಬ್ಬದಲ್ಲಿರುವ ಮೇಣದಬತ್ತಿ.

"ಹಾಗಾದ್ರೆ ಮೂವತ್ತಕ್ಕೇ ನಿಲ್ಲಿಸದೆ ಸಾವಿರ ಕಾರ್ಬನ್ ಜೋಡಿಸಿದ್ರೆ?" ಅಂತ ಪುಟ್ಟಿ ಕೇಳಿದಳು.

ನಾನು ಕಟ್ಟೆ ಮೇಲಿದ್ದ ಹಾಲಿನ ಕವರ್ ಎತ್ತಿ ತೋರಿಸಿದೆ. ತೋರಿಸಿದ ಮೇಲೆ ನನಗೇ ಒಂದು ಕ್ಷಣ ಮಾತು ನಿಂತಿತು. ಅಮ್ಮ ಬೆಳಿಗ್ಗೆ ಹೇಳಿದ್ದು ಅದನ್ನೇ ಅಲ್ವಾ? ಕವರ್ ಹಾಕಿದರೆ ಸೀಮೆಎಣ್ಣೆ ಸುರಿದಷ್ಟೇ ಚೆನ್ನಾಗಿ ಹತ್ತುತ್ತೆ! ಹಾಲಿನ ಕವರಿನ ಪಾಲಿಥೀನ್ ಅಂದರೆ ಸೀಮೆಎಣ್ಣೆಯ ಮನೆತನದ್ದೇ, ಸರಪಳಿ ಸಾವಿರಗಟ್ಟಲೆ ಉದ್ದವಾಗಿ ಗಟ್ಟಿಯಾಗಿದೆ ಅಷ್ಟೆ. ಸುಟ್ಟಾಗ ಮೇಣದಬತ್ತಿ ವಾಸನೆ ಬರೋದೂ ಅದಕ್ಕೇ. ಒಂದು ಕಿಲೋ ಪಾಲಿಥೀನ್ ಪೂರ್ತಿ ಉರಿದರೆ ಬರುವ ಶಾಖ ಒಂದು ಕಿಲೋ ಸೀಮೆಎಣ್ಣೆಯದಕ್ಕೆ ಹೆಚ್ಚುಕಮ್ಮಿ ಸಮ. ಒಣ ಸೌದೆಯದಕ್ಕೆ ಹೋಲಿಸಿದರೆ ಎರಡೂವರೆ ಪಟ್ಟಿಗಿಂತ ಹೆಚ್ಚು.

"ನೋಡಿದ್ಯಾ, ನಾನು ಹೇಳ್ಲಿಲ್ವಾ?" ಅಂತ ಅಮ್ಮ ಒಗ್ಗರಣೆ ಸೌಟು ತೋರಿಸಿ ನಕ್ಕಳು. ಅರ್ಧ ಪಾಠಕ್ಕೇ ನಾನು ಸೋತಿದ್ದೆ.

ಅಪ್ಪಾಳೆ ತಿಪ್ಪಾಳೆ

ಹಾಗಂತ ಸೀಮೆಎಣ್ಣೆಯನ್ನೇ ಗಟ್ಟಿ ಮಾಡಿ ಕವರ್ ಮಾಡಲ್ಲ. ಪಾಲಿಥೀನ್ ಮಾಡೋದು ಈಥೀನ್ ಅನ್ನೋ ಅನಿಲದಿಂದ. ಇದರಲ್ಲಿ ಎರಡು ಕಾರ್ಬನ್‌ಗಳು ಒಂದಲ್ಲ, ಎರಡು ಕೈ ಹಿಡಿದುಕೊಂಡಿರುತ್ತವೆ. ಪುಸ್ತಕದಲ್ಲಿ ಇದಕ್ಕೆ ದ್ವಿಬಂಧ ಅಂತಾರೆ. ಇಂಥವು ಅಪರ್ಯಾಪ್ತ ಹೈಡ್ರೋಕಾರ್ಬನ್. ಪುಟ್ಟಿಗೆ ಇದು ಅರ್ಥ ಆಗಲಿಲ್ಲ. ಆಗ ಅಪ್ಪಾಳೆ ತಿಪ್ಪಾಳೆ ಆಟ ನೆನಪಿಸಿದೆ. ಇಬ್ಬರು ಮಕ್ಕಳು ಎರಡೂ ಕೈ ಹಿಡಿದು ಗಿರ್ರನೆ ತಿರುಗೋದು. ಅಂಗಳದ ತುಂಬ ಇಂಥ ಜೋಡಿಗಳಿವೆ ಅಂದ್ಕೊ. ಟೀಚರ್ ಬಂದು, ಎಲ್ಲರೂ ಒಂದೊಂದು ಕೈ ಬಿಡಿ, ಪಕ್ಕದ ಜೋಡಿಯ ಕೈ ಹಿಡೀರಿ ಅಂದರೆ ಏನಾಗುತ್ತೆ? ಇಡೀ ಶಾಲೆ ಒಂದೇ ಸಾಲಾಗುತ್ತೆ. ಒಂದೊಂದು ಜೋಡಿ 'ಮಾನೊಮರ್', ಸಾಲು 'ಪಾಲಿಮರ್'.

ಈಥೀನ್ ಅನ್ನೋದನ್ನೇ ಎಥಿಲೀನ್ ಅಂತಲೂ ಕರೀತಾರೆ. ಅಮ್ಮನಿಗೆ ಹೆಸರು ಗೊತ್ತಿಲ್ಲದಿದ್ದರೂ ಇದು ಹಳೇ ಪರಿಚಯ. ಬಾಳೆಗೊನೆಗೆ ಹೊಗೆ ಹಾಕಿ ಹಣ್ಣು ಮಾಡ್ತಾರಲ್ಲ, ಆ ಹೊಗೆಯಲ್ಲಿರುವ ಎಥಿಲೀನ್ ಕಾಯನ್ನು ಮಾಗಿಸುತ್ತೆ. ಮಾಗುವ ಹಣ್ಣೂ ತಾನೇ ಎಥಿಲೀನ್ ಬಿಡುತ್ತೆ. ಅದಕ್ಕೇ ಅಕ್ಕಿ ಡಬ್ಬದಲ್ಲಿ ಮುಚ್ಚಿಟ್ಟ ಸಪೋಟ ಬೇಗ ಹಣ್ಣಾಗೋದು.

ಪಾಲಿಥೀನ್ ಸಿಕ್ಕಿದ ಕಥೆಯೂ ಚೆನ್ನಾಗಿದೆ. 1933ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿಯ ಎರಿಕ್ ಫಾಸೆಟ್ ಮತ್ತು ರೆಜಿನಾಲ್ಡ್ ಗಿಬ್ಸನ್ ಎಥಿಲೀನನ್ನು ಇನ್ನೊಂದು ರಾಸಾಯನಿಕದ ಜೊತೆ ಭಾರಿ ಒತ್ತಡದಲ್ಲಿ ಇಟ್ಟು ಏನಾಗುತ್ತೆ ಅಂತ ನೋಡುತ್ತಿದ್ದರು. ಬಯಸಿದ್ದು ಆಗಲಿಲ್ಲ. ಪಾತ್ರೆಯಲ್ಲಿ ಬಿಳಿ ಮೇಣದಂಥದ್ದು ಉಳಿದಿತ್ತು. ಅದೇ ಪಾಲಿಥೀನ್. ಎರಡನೇ ಮಹಾಯುದ್ಧದಲ್ಲಿ ರೇಡಾರ್ ಕೇಬಲ್ಲುಗಳ ಹೊದಿಕೆಗೆ ಬಳಕೆಯಾಯಿತು. ಆಮೇಲೆ ಕಡಿಮೆ ಒತ್ತಡದಲ್ಲೇ ಇಂಥ ಸರಪಳಿ ಕಟ್ಟುವ ದಾರಿ ಕಂಡುಹಿಡಿದ ಜೀಗ್ಲರ್ ಮತ್ತು ನಟ್ಟಾ ಅವರಿಗೆ 1963ರಲ್ಲಿ ನೊಬೆಲ್ ಬಂತು.

ಇವೆಲ್ಲ ಎಲ್ಲೋ ದೂರದ ಕಥೆ ಅನ್ನಿಸಬಹುದು. ಆದರೆ ನಮ್ಮೂರಿಂದ ಶಿರಾಡಿ ಘಾಟಿ ಇಳಿದರೆ ಮಂಗಳೂರು. ಅಲ್ಲಿನ ರಿಫೈನರಿಯಲ್ಲಿ ಕಚ್ಚಾತೈಲವನ್ನು ಕಾಯಿಸಿ, ಆ ಏಣಿಯ ಮೆಟ್ಟಿಲುಗಳನ್ನು ಬೇರೆ ಬೇರೆ ಮಾಡ್ತಾರೆ. ಅಲ್ಲೇ ಪಾಲಿಪ್ರೊಪಿಲೀನ್ ಅನ್ನೋ ಪ್ಲಾಸ್ಟಿಕ್ಕನ್ನೂ ತಯಾರಿಸ್ತಾರೆ. ಅಂದರೆ ಸಿಲಿಂಡರ್ ಗ್ಯಾಸೂ ಪ್ಲಾಸ್ಟಿಕ್ ಚೀಲವೂ ಒಂದೇ ಮನೆಯಲ್ಲಿ ಹುಟ್ಟಿದ ಅಣ್ಣ ತಮ್ಮಂದಿರು.

ನೀಲಿ ಬೆಂಕಿ, ಹಳದಿ ಬೆಂಕಿ

"ಒಂದೇ ಮನೆತನ ಅಂದ್ಮೇಲೆ ಗ್ಯಾಸ್ ಒಲೆ ಹೊಗೆ ಬಿಡಲ್ಲ, ನನ್ನ ಒಲೆ ಯಾಕೆ ಬಿಡುತ್ತೆ?" ಇದು ಅಮ್ಮನ ಎರಡನೇ ಪ್ರಶ್ನೆ.

ಹೈಡ್ರೋಕಾರ್ಬನ್‌ಗೆ ಬೇಕಾದಷ್ಟು ಆಕ್ಸಿಜನ್ ಸಿಕ್ಕಿ ಪೂರ್ತಿ ಉರಿದರೆ ಉಳಿಯೋದು ಎರಡೇ: ಕಾರ್ಬನ್ ಡೈಆಕ್ಸೈಡ್ ಮತ್ತು ನೀರಿನ ಆವಿ. ಗ್ಯಾಸ್ ಒಲೆಯಲ್ಲಿ ಬರ್ನರ್ ತಲುಪುವ ಮೊದಲೇ ಗ್ಯಾಸಿನ ಜೊತೆ ಗಾಳಿ ಬೆರೆಯುತ್ತೆ, ಅದಕ್ಕೇ ನೀಲಿ ಜ್ವಾಲೆ. ಗಾಳಿ ಬರುವ ತೂತು ಕಟ್ಟಿಕೊಂಡರೆ ಜ್ವಾಲೆ ಹಳದಿಯಾಗಿ ಪಾತ್ರೆಯ ತಳ ಕಪ್ಪಾಗುತ್ತೆ. ಆ ಕಪ್ಪು ಅಂದರೆ ಉರಿಯದೇ ಉಳಿದ ಕಾರ್ಬನ್, ಮಸಿ. ಅಷ್ಟೇ ಅಲ್ಲ, ಅರ್ಧಂಬರ್ಧ ಉರಿದಾಗ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಾಸನೆಯೇ ಇಲ್ಲದ ವಿಷಾನಿಲವೂ ಹುಟ್ಟುತ್ತೆ.

ಹಂಡೆ ಒಲೆಯಲ್ಲಿ ಕವರ್ ಏಕಾಏಕಿ ಕರಗಿ, ಆವಿಯಾಗಿ, ಒಟ್ಟಿಗೇ ಹೊತ್ತಿಕೊಳ್ಳುತ್ತೆ. ಅಷ್ಟು ಆಕ್ಸಿಜನ್ ಆ ಸಣ್ಣ ಬಾಯಿಂದ ಒಳಗೆ ಹೋಗಲ್ಲ. ಮೇಲೆ ಹಸಿ ಸೌದೆ ಬೇರೆ, ಅದರ ನೀರು ಆವಿಯಾಗೋದಕ್ಕೇ ಒಂದಷ್ಟು ಬಿಸಿ ಖರ್ಚು. ಹಾಗಾಗಿ ಮಸಿ, ಕಾರ್ಬನ್ ಮೊನಾಕ್ಸೈಡ್, ಮತ್ತೆ ಅರ್ಧ ಮುರಿದ ಸರಪಳಿಗಳೆಲ್ಲ ಹೊಗೆಯಾಗಿ ಅಪ್ಪ ಪೇಪರ್ ಓದುವ ಜಗಲಿಗೆ ಬರುತ್ತವೆ. ಹಾಲಿನ ಕವರಿನಲ್ಲಿ ವಿಷ ಇಲ್ಲ. ಅದನ್ನು ಸರಿಯಾಗಿ ಸುಡಲಾಗದ ಒಲೆಯಲ್ಲಿ ಸುಟ್ಟಾಗ ಬರುವ ಹೊಗೆಯಲ್ಲಿದೆ. ಬೆಳಗಿನ ಪ್ರಶ್ನೆಗೆ ಸಂಜೆ ಸಿಕ್ಕ ಉತ್ತರ ಇದು.

ಗ್ಯಾಸಿನ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಸಿಲಿಂಡರ್‌ನಲ್ಲಿರೋದು ಪ್ರೊಪೇನ್, ಬ್ಯೂಟೇನ್. ಎರಡೂ ಗಾಳಿಗಿಂತ ಭಾರ. ಲೀಕ್ ಆದರೆ ಮೇಲೆ ಹೋಗಲ್ಲ, ನೀರಿನ ಹಾಗೆ ನೆಲದ ಮೇಲೆ ಹರಡುತ್ತೆ. 2013ರ ಏಪ್ರಿಲ್‌ನಲ್ಲಿ ಉಪ್ಪಿನಂಗಡಿ ಹತ್ತಿರ ಪೆರ್ನೆಯಲ್ಲಿ ಗ್ಯಾಸ್ ಟ್ಯಾಂಕರ್ ಉರುಳಿ ಆದ ದುರಂತ ನಮ್ಮ ಕಡೆಯವರು ಯಾರೂ ಮರೆತಿಲ್ಲ. ಗ್ಯಾಸಿಗೆ ತನ್ನದೇ ವಾಸನೆ ಇಲ್ಲ. ನಮಗೆ ಗೊತ್ತಾಗಲಿ ಅಂತಲೇ ಗಂಧಕ ಇರುವ ಮರ್ಕ್ಯಾಪ್ಟನ್ ಅನ್ನೋ ವಸ್ತುವನ್ನು ಚೂರು ಬೆರೆಸಿರ್ತಾರೆ. ಆ ವಾಸನೆ ಬಂದರೆ ಬೆಂಕಿ ಹಚ್ಚಬೇಡಿ, ಯಾವ ಸ್ವಿಚ್ಚನ್ನೂ ಹಾಕಬೇಡಿ, ಆರಿಸಲೂಬೇಡಿ. ರೆಗ್ಯುಲೇಟರ್ ಆಫ್ ಮಾಡಿ, ಬಾಗಿಲು ಕಿಟಕಿ ತೆಗೆದು ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಇದಿಷ್ಟೂ ಅಮ್ಮನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಮುಳುಗಿದ್ದು, ತೇಲಿದ್ದು

ಮೇಣದ ವಾಸನೆ ಹಾಲಿನ ಕವರಿನದು. ಆದರೆ ಗಂಟಲು ಕೆರೆಯುವ ಆ ಇನ್ನೊಂದು ಘಾಟು? ಅದು ನನ್ನ ತಲೆಯಲ್ಲಿ ಕೊರೀತಾನೇ ಇತ್ತು. ಮಾರನೇ ದಿನ ಭಾನುವಾರ. ಒಲೆ ಪಕ್ಕದ ಗೋಣಿಚೀಲವನ್ನು ಪುಟ್ಟಿಯೂ ನಾನೂ ಅಂಗಳದಲ್ಲಿ ಸುರಿದೆವು. ಒಂದು ಬಕೆಟ್ ನೀರು, ಒಂದು ಕತ್ತರಿ. ನೀವೂ ಮನೆಯಲ್ಲಿ ಮಕ್ಕಳ ಜೊತೆ ಮಾಡಬಹುದು, ಬೆಂಕಿಯ ಕೆಲಸವೇ ಇಲ್ಲ.

ಒಂದೊಂದರಿಂದಲೂ ಸಣ್ಣ ಚೂರು ಕತ್ತರಿಸಿ, ಗಾಳಿಗುಳ್ಳೆ ಉಳಿಯದ ಹಾಗೆ ನೀರಿನೊಳಗೆ ಒತ್ತಿ ಬಿಡಬೇಕು. ಪಾಲಿಥೀನ್ ಮತ್ತು ಪಾಲಿಪ್ರೊಪಿಲೀನ್ ನೀರಿಗಿಂತ ಹಗುರ, ಮೇಲೆ ಬರುತ್ತವೆ. ಪೆಟ್ ಮತ್ತು ಪಿವಿಸಿ ಭಾರ, ಮುಳುಗುತ್ತವೆ. ನೀರಿನ ಬಾಟಲಿಯ ಚೂರು ಮುಳುಗಿತು, ಅದೇ ಬಾಟಲಿಯ ಮುಚ್ಚಳ ತೇಲಿತು! ಬಾಟಲಿ ಪೆಟ್, ಮುಚ್ಚಳ ಬೇರೆ ಪ್ಲಾಸ್ಟಿಕ್. ಹಾಲಿನ ಕವರ್ ತೇಲಿತು. ಹಳೇ ವೈರಿನ ಹೊದಿಕೆ, ಪೈಪಿನ ತುಂಡು, ಹರಿದ ರೇನ್‌ಕೋಟಿನ ಚೂರು ಮುಳುಗಿದವು. ತಳದಲ್ಲಿ ತ್ರಿಕೋನದೊಳಗೆ ಅಂಕಿ ಇದ್ದರೆ ಇನ್ನೂ ಸುಲಭ. 1 ಪೆಟ್, 2 ಮತ್ತು 4 ಪಾಲಿಥೀನ್, 3 ಪಿವಿಸಿ, 5 ಪಾಲಿಪ್ರೊಪಿಲೀನ್, 6 ಪಾಲಿಸ್ಟೈರೀನ್. ಥರ್ಮಾಕೋಲ್ ಮಾತ್ರ ಈ ಪರೀಕ್ಷೆಗೆ ಸಿಗಲ್ಲ, ಅದು 6ನೇ ನಂಬರಿನದೇ ಆದರೂ ಒಳಗೆ ಗಾಳಿ ತುಂಬಿರೋದರಿಂದ ತೇಲುತ್ತೆ.

ಆಮೇಲೆ ಪುಟ್ಟಿ ಖಾಲಿ ಮಾತ್ರೆ ಶೀಟೊಂದನ್ನು ಎತ್ತಿಕೊಂಡಳು. ಹಿಂದಿನ ಅಲ್ಯೂಮಿನಿಯಂ ಹಾಳೆ ಕಿತ್ತು, ಗುಳ್ಳೆ ಗುಳ್ಳೆಯಾಗಿರುವ ಪ್ಲಾಸ್ಟಿಕ್ಕಿನ ಚೂರನ್ನು ನೀರಿಗೆ ಬಿಟ್ಟಳು. ಸೀದಾ ತಳಕ್ಕೆ ಹೋಯಿತು. ಇಂಥ ಗುಳ್ಳೆ ಶೀಟುಗಳನ್ನು ಸಾಮಾನ್ಯವಾಗಿ ಪಿವಿಸಿಯಿಂದಲೇ ಮಾಡೋದು.

ಪಿವಿಸಿ ಹೈಡ್ರೋಕಾರ್ಬನ್ ಅಲ್ಲ. ಅದರ ಮಾನೊಮರ್‌ನಲ್ಲಿ ಈಥೀನಿನ ಒಂದು ಹೈಡ್ರೋಜನ್ ಜಾಗದಲ್ಲಿ ಕ್ಲೋರಿನ್ ಕೂತಿರುತ್ತೆ. ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಕ್ಲೋರಿನ್ನೇ. ಸುಟ್ಟಾಗ ಅದು ಹೈಡ್ರೋಜನ್ ಕ್ಲೋರೈಡ್ ಅನಿಲವಾಗಿ ಹೊರಬರುತ್ತೆ. ನೀರಿನ ಪಸೆ ಸಿಕ್ಕಿದ ಕಡೆ ಅದೇ ಹೈಡ್ರೋಕ್ಲೋರಿಕ್ ಆಮ್ಲ. ಮೂಗು, ಗಂಟಲು, ಶ್ವಾಸಕೋಶ ಎಲ್ಲ ಪಸೆ ಇರುವ ಜಾಗಗಳೇ ತಾನೆ? ಇದಲ್ಲದೆ ಕ್ಲೋರಿನ್ ಇರುವ ಕಸ ಇಂಥ ಅರೆಬರೆ ಬೆಂಕಿಯಲ್ಲಿ ಉರಿದಾಗ ಡಯಾಕ್ಸಿನ್ ಅನ್ನೋ ವಿಷವಸ್ತುಗಳೂ ಹುಟ್ಟುತ್ತವೆ. ಅವು ಮೈಯಲ್ಲಿ ಕೊಬ್ಬಿನಲ್ಲಿ ಸೇರಿ ವರ್ಷಗಟ್ಟಲೆ ಉಳಿಯುತ್ತವೆ.

ಆ ಶೀಟಿನ ಹಿಂದಿದ್ದ ಹೆಸರು ಓದಿದೆ. ಅಪ್ಪನ ಉಬ್ಬಸದ ಮಾತ್ರೆ. ಅಪ್ಪ ಮಾತ್ರೆ ನುಂಗಿ ಶೀಟನ್ನು ಕಸದ ಡಬ್ಬಕ್ಕೆ ಹಾಕ್ತಿದ್ದರು, ಅದು ಅಲ್ಲಿಂದ ಗೋಣಿಚೀಲಕ್ಕೆ, ಗೋಣಿಚೀಲದಿಂದ ಒಲೆಗೆ, ಒಲೆಯಿಂದ ಮತ್ತೆ ಅಪ್ಪನ ಎದೆಗೆ.

ಅಮ್ಮ ಬಂದು ನೋಡಿದಳು. ನಾನು ಏನೂ ಹೇಳಬೇಕಾಗಲಿಲ್ಲ, ಪುಟ್ಟಿಯೇ ಎಲ್ಲ ವಿವರಿಸಿದಳು. ಅಮ್ಮ ಸುಮ್ಮನೆ ಆ ಶೀಟನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡ್ತಾ ನಿಂತಿದ್ದಳು. "ನನಗ್ಯಾರೂ ಹೀಗೆ ಹೇಳೇ ಇರ್ಲಿಲ್ಲ ಕಣೇ" ಅಂದಳು. ನಿಜ. ನಾನು ಹೇಳಿದ್ದೆಲ್ಲ ಬೈದ ಹಾಗಿತ್ತು, ಹೇಳಿದ ಹಾಗಿರಲಿಲ್ಲ.

ಚೀಲದಲ್ಲಿ ನನ್ನ ಪಾಲು

ಅಂಗಳದ ಆ ರಾಶಿಯಲ್ಲಿ ಇನ್ನೊಂದು ಸಂಗತಿ ಕಾಣಿಸಿತು. ಅರ್ಧಕ್ಕರ್ಧ ನನ್ನ ಹೆಸರಿದ್ದ ಕೊರಿಯರ್ ಚೀಲಗಳು, ಗುಳ್ಳೆ ಹಾಳೆಗಳು. ಅಪ್ಪನಿಗೆ ಸ್ವೆಟರು, ಅಮ್ಮನಿಗೆ ಮಿಕ್ಸಿ ಜಾರು, ಡ್ರೈಫ್ರೂಟ್ಸು ಅಂತ ಬೆಂಗಳೂರಿಂದ ನಾನೇ ಆರ್ಡರ್ ಮಾಡಿ ಕಳಿಸಿದ್ದು. ಪ್ರೀತಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಳಿಸಿ, ಅದನ್ನು ಸುಟ್ಟಿದ್ದಕ್ಕೆ ಅಮ್ಮನ ಮೇಲೆ ರೇಗಿದ್ದೆ. ನಮ್ಮ ಮನೆ ಇರೋದು ತೋಟದ ಕೊನೆಯಲ್ಲಿ. ಕಸದ ಗಾಡಿ ಅಲ್ಲಿಗೆ ಬರಲ್ಲ. ಹೂತರೆ ಮಣ್ಣಲ್ಲಿ ಕರಗಲ್ಲ, ಬಿಸಾಕಿದರೆ ಹಸು ತಿನ್ನುತ್ತೆ. ಅವಳಿಗೆ ಇದ್ದ ದಾರಿ ಒಲೆ ಒಂದೇ.

ಪ್ಲಾಸ್ಟಿಕ್ಕನ್ನು ಇಂಧನವಾಗಿ ಸುಡೋದೇ ತಪ್ಪು ಅಂತಲೂ ಅಲ್ಲ. ಸಿಮೆಂಟ್ ಕಾರ್ಖಾನೆಗಳಲ್ಲಿ ವಿಂಗಡಿಸಿದ ಪ್ಲಾಸ್ಟಿಕ್ ಕಸವನ್ನು ಕಲ್ಲಿದ್ದಲಿನ ಜೊತೆ ಉರಿಸ್ತಾರೆ. ಆದರೆ ಅಲ್ಲಿನ ಕುಲುಮೆಯ ಬಿಸಿ ಸಾವಿರದ ನಾನೂರು ಡಿಗ್ರಿ ದಾಟುತ್ತೆ, ಹೊಗೆ ಶುದ್ಧ ಮಾಡೋ ವ್ಯವಸ್ಥೆ ಇರುತ್ತೆ. ಅಮ್ಮನ ಲೆಕ್ಕ ಸರಿ ಇತ್ತು, ಒಲೆ ಸರಿ ಇರಲಿಲ್ಲ.

ಈಗ ಬಚ್ಚಲುಮನೆ ಹೊರಗೆ ಎರಡು ಚೀಲ ತೂಗುಹಾಕಿದ್ದೀವಿ. ಹಾಲಿನ ಕವರು ತೊಳೆದು ಒಣಗಿಸಿ ಒಂದರಲ್ಲಿ. ಉಳಿದ ಪ್ಲಾಸ್ಟಿಕ್ಕು, ಮಾತ್ರೆ ಶೀಟು ಇನ್ನೊಂದರಲ್ಲಿ. ಒಲೆ ಹತ್ತಿಸೋಕೆ ಒಣ ತೆಂಗಿನ ಗರಿ, ಕರಟ, ಅಡಿಕೆ ಸಿಪ್ಪೆಯನ್ನು ಮಳೆಗೆ ಮುಂಚೆಯೇ ಅಟ್ಟಕ್ಕೆ ಹಾಕಿಟ್ಟುಕೊಳ್ಳೋದು ಅಂತ ತೀರ್ಮಾನ. ಅಜ್ಜಿ ಕಾಲದಲ್ಲಿ ಇದ್ದ ಪದ್ಧತಿಯೇ, ಕವರ್ ಬಂದ ಮೇಲೆ ಮರೆತಿದ್ದು. ಸೌದೆ ಹೊಗೆಯೂ ಒಳ್ಳೇದೇನಲ್ಲ, ಅದಕ್ಕೆ ಬಚ್ಚಲಿಗೊಂದು ಎತ್ತರದ ಹೊಗೆಕೊಳವೆ ಹಾಕಿಸಿದೆ. ಮೂರು ಕಾರ್ಡ್‌ಬೋರ್ಡ್ ಡಬ್ಬ ಬರುವ ಕಡೆ ಒಂದೇ ಬರಲಿ ಅಂತ ನನ್ನ ಆರ್ಡರುಗಳನ್ನೂ ಕಡಿಮೆ ಮಾಡಿದ್ದೀನಿ.

ತಿಂಗಳಿಗೊಮ್ಮೆ ಊರಿಗೆ ಹೋಗಿ ವಾಪಸ್ ಬರುವಾಗ ಕಾರಿನ ಡಿಕ್ಕಿಯಲ್ಲಿ ಅಕ್ಕಿ, ತೆಂಗಿನಕಾಯಿ, ಮಿಡಿ ಉಪ್ಪಿನಕಾಯಿ ಜೊತೆ ಎರಡು ಚೀಲ ಪ್ಲಾಸ್ಟಿಕ್ಕೂ ಬರುತ್ತೆ. ನಮ್ಮ ವಾರ್ಡಿನ ಒಣಕಸ ಕೇಂದ್ರಕ್ಕೆ ಕೊಡ್ತೀನಿ. ಮೊದಲ ಸಲ ಅಲ್ಲಿನ ಹೆಂಗಸು, "ಏನ್ ಮೇಡಂ, ಇಷ್ಟು ನೀಟಾಗಿ ತೊಳೆದಿದ್ದೀರಾ?" ಅಂದರು. "ನಮ್ಮಮ್ಮ" ಅಂದೆ.

ಅಪ್ಪನ ಕೆಮ್ಮು ಪೂರ್ತಿ ನಿಂತಿಲ್ಲ. ಮಳೆ ಥಂಡಿಗೆ ಈಗಲೂ ಏಳುತ್ತೆ, ಮಾತ್ರೆ ನಡೀತಾ ಇದೆ. ಆದರೆ ಬೆಳಿಗ್ಗೆ ಜಗಲಿಯಲ್ಲಿ ಕೂತು ಪೇಪರ್ ಮುಗಿಸೋವರೆಗೂ ಒಳಗೆ ಎದ್ದು ಹೋಗಬೇಕಾಗಿಲ್ಲ ಅಂತ ಹೋದ ವಾರ ಫೋನಿನಲ್ಲಿ ಹೇಳಿದರು. ಪುಟ್ಟಿಗೆ ಕಿರುಪರೀಕ್ಷೆಯಲ್ಲಿ 'ಅಪರ್ಯಾಪ್ತ ಹೈಡ್ರೋಕಾರ್ಬನ್ ಎಂದರೇನು?' ಅಂತ ಬಂದಿತ್ತಂತೆ. ಅಪ್ಪಾಳೆ ತಿಪ್ಪಾಳೆ ಚಿತ್ರ ಬರೆದು ಬಂದಿದ್ದಾಳೆ. ಟೀಚರ್ ಪೂರ್ತಿ ಮಾರ್ಕ್ಸ್ ಕೊಟ್ಟಿದ್ದಾರೆ.

ನಿಮ್ಮ ಮನೆಯಲ್ಲಿ ಹಂಡೆ ಒಲೆ ಇದ್ದರೆ ಅದರ ಪಕ್ಕದ ಚೀಲವನ್ನು ಒಮ್ಮೆ ಅಂಗಳದಲ್ಲಿ ಸುರಿದು ನೋಡಿ. ಒಂದು ಬಕೆಟ್ ನೀರು ಸಾಕು. ಅಮ್ಮನಿಗೆ ಬೈಯೋದು ಮಾತ್ರ ಬೇಡ.